ಕರೆದ ಹೆಸರು ಬಿಡುವ ಹಾಗಿಲ್ಲ

ಇಂದಿರಾಪುರಂ
೩-೧೧-೨೦೨೪

ಪ್ರಿಯ ಮೂರ್ತಿ,

ನಮಸ್ಕಾರ ಕಣಯ್ಯಾ. ಗೌರಿ ಹಬ್ಬಕ್ಕೆ ನೀನು ಬರೆದ ಕಾಗದಕ್ಕೆ ದೀಪಾವಳಿ ಮುಗಿದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಸರ್ಕಾರಿ ಕಚೇರಿಯಲ್ಲಿ ಜೀವಮಾನವೆಲ್ಲ ಕಡತ ತಳ್ಳಿದ ಕೈ ಇದು, ಬೇಗ ಉತ್ತರ ಬರೆದರೆ ಅದಕ್ಕೇ ನಾಚಿಕೆಯಾಗುತ್ತದೆ. ಬೈಯುವುದಿದ್ದರೆ ಬೈದುಬಿಡು. ಫೋನ್ ಮಾಡೋಣವೆಂದರೆ ನಿನ್ನ ಕಿವಿ ಕೈಕೊಟ್ಟಿದೆ. ಹೋದ ಸಲ ನಿನಗೆ ಕೇಳಲೆಂದು ನಾನು ಕೂಗಿದ ಕೂಗಿಗೆ ಎದುರು ಫ್ಲಾಟಿನವರು ಬಾಗಿಲು ತಟ್ಟಿ, "ಅಂಕಲ್‌ಜೀ, ಸಬ್ ಠೀಕ್ ಹೈ ನಾ?" ಎಂದು ವಿಚಾರಿಸಿಕೊಂಡು ಹೋದರು. ನಮ್ಮಿಬ್ಬರಿಗೂ ಕಾಗದವೇ ಕ್ಷೇಮ.

ತಿಪಟೂರಿನಲ್ಲಿ ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ನಿನ್ನಾಕೆಯ ಮಂಡಿನೋವು ಹೇಗಿದೆ? ಇಲ್ಲಿ ರಾಜಧಾನಿಯ ಸುತ್ತೆಲ್ಲ ಚಳಿಗಿಂತ ಮೊದಲೇ ಹೊಗೆ ಬಂದು ಕುಳಿತಿದೆ. ಬಾಲ್ಕನಿಯಲ್ಲಿ ನಿಂತರೆ ಎದುರಿನ ಟವರು ಕಾಣುವುದಿಲ್ಲ. ಕಾಣದಿದ್ದರೆ ನಷ್ಟವೇನಿಲ್ಲ, ಆ ಟವರೇನೂ ಅಂಥ ಚೆನ್ನಾಗಿರಲಿಲ್ಲ. ಆದರೆ ಬೆಳಿಗ್ಗೆ ಎದ್ದರೆ ಗಂಟಲಲ್ಲಿ ಯಾರೋ ಬೂದಿ ಉಜ್ಜಿದ ಹಾಗಿರುತ್ತದೆ. ವಾಕಿಂಗ್ ನಿಲ್ಲಿಸಿದ್ದೇನೆ.

ಇನ್ನು ಸಮಾವೇಶದ ಸುದ್ದಿ. ಈ ತಿಂಗಳ ಇಪ್ಪತ್ತನಾಲ್ಕಕ್ಕೆ, ಭಾನುವಾರ, ನೋಯ್ಡಾದ ಒಂದು ಸಮುದಾಯ ಭವನದಲ್ಲಿ ಗೊತ್ತುಮಾಡಿದ್ದೇವೆ. ನೀನೂ ನಾನೂ ಲೋಧಿ ಕಾಲೋನಿಯ ಕ್ವಾರ್ಟರ್ಸಿನ ತಾರಸಿ ಮೇಲೆ ಜಮಖಾನ ಹಾಸಿ ಶುರುಮಾಡಿದ್ದಕ್ಕೆ ಈಗ ಬ್ಯಾನರು, ಬ್ಯಾಡ್ಜು, ವಾಟ್ಸಾಪ್ ಗುಂಪು ಎಲ್ಲ ಬಂದಿವೆ. 'ಕನ್ನಡ ಮನೆಗಳ ಸಮಾವೇಶ' ಎಂದು ಹೆಸರೂ ದೊಡ್ಡದಾಗಿದೆ. ಸಂಬಳದವರು ಮಾತ್ರ ಈಗಲೂ ಒಬ್ಬರಿಲ್ಲ. ಕುರ್ಚಿ ಹಾಕುವವರೂ ನಾವೇ, ಬಿಸಿಬೇಳೆಬಾತು ಬಡಿಸುವವರೂ ನಾವೇ, ಭಾಷಣ ಮಾಡಿ ಬೋರು ಹೊಡೆಸುವವರೂ ನಾವೇ, ಕೊನೆಗೆ ಎಲೆ ಎತ್ತುವವರೂ ನಾವೇ. ಅಧ್ಯಕ್ಷರು ದೇವೇಂದ್ರಪ್ಪ, ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ನಮ್ಮ ಮನೆಗೆ ಕಾಫಿಗೆ ಬಂದರೂ ಟೈ ಕಟ್ಟಿಕೊಂಡೇ ಬರುತ್ತಾರೆ. ಕಾರ್ಯದರ್ಶಿ ಚಂದನ್, ನೋಯ್ಡಾದ ಸಾಫ್ಟ್‌ವೇರ್ ಕಂಪನಿಯವನು. ಹುಡುಗ ಚುರುಕು, ಬಾಯಿ ಅದಕ್ಕಿಂತ ಚುರುಕು.

ಏನೆಲ್ಲ ಬದಲಾದರೂ ಮನೆ ಕರೆಯುವ ಪದ್ಧತಿ ನೀನಿದ್ದಾಗಿನಂತೆಯೇ ಇದೆ. ದೀಪ ಹಚ್ಚುವ ಮೊದಲು ನನ್ನಾಕೆ ಲೀಲಾ ವೇದಿಕೆಯ ಮೇಲೆ ನಿಂತು ಒಂದೊಂದೇ ಮನೆಯ ಹೆಸರು ಕರೆಯುತ್ತಾಳೆ, ಆ ಮನೆಯವರು ಎದ್ದುನಿಂತು "ಇದ್ದೇವೆ" ಎನ್ನುತ್ತಾರೆ. ಲೋಧಿ ಕಾಲೋನಿಯಿಂದ ಹೊರಟು ಸರೋಜಿನಿ ನಗರ, ಕರೋಲ್ ಬಾಗ್ ಸುತ್ತಿ, ಯಮುನೆ ದಾಟಿ ಮಯೂರ್ ವಿಹಾರ, ನೋಯ್ಡಾ, ಆಮೇಲೆ ಫರೀದಾಬಾದು. ನೂರಕ್ಕೂ ಮೇಲೆ ಮನೆಗಳು, ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಚಂದನ್ ಒಮ್ಮೆ "ಆಂಟಿ, ಎಕ್ಸೆಲ್‌ನಲ್ಲಿ ಹಾಕಿ ಪ್ರಿಂಟ್ ಕೊಡ್ತೀನಿ" ಎಂದದ್ದಕ್ಕೆ, "ಕಾಗದ ನೋಡ್ಕೊಂಡು ಕೂಗಿದ್ರೆ ರೇಷನ್ ಅಂಗಡಿ ಆಗುತ್ತೆ ಕಣಪ್ಪಾ" ಎಂದುಬಿಟ್ಟಳು. ಊರು ಬಿಟ್ಟವರ ಹೆಸರನ್ನೂ, ತೀರಿಕೊಂಡವರ ಹೆಸರನ್ನೂ ಅವಳು ಕೈಬಿಡುವುದಿಲ್ಲ. ಅಂಥವರ ಪರವಾಗಿ ಅವರ ಪಕ್ಕದ ಮನೆಯಲ್ಲಿದ್ದವರು ಓಗೊಡಬೇಕು. 'ಒಂದು ಸಲ ಕರೆದ ಹೆಸರು ಬಿಡೋ ಹಾಗಿಲ್ಲ' ಎನ್ನುವುದು ಅವಳು ಮಾಡಿದ ಕಾನೂನು. ನಿನ್ನ ಮನೆಗೆ ಪ್ರತಿ ವರ್ಷ ನಾನೇ ಎದ್ದು "ಇದ್ದೇವೆ" ಎನ್ನುತ್ತೇನೆ. ತಿಪಟೂರಿನಲ್ಲಿ ಕುಳಿತು ಕೊಬ್ಬರಿಯ ಧಾರಣೆ ಕೇಳುವ ನಿನಗೆ ಅದೆಲ್ಲಿ ಕೇಳಬೇಕು! ಎಲ್ಲರದೂ ಆದ ಮೇಲೆ ಕಟ್ಟಕಡೆಗೆ ನಮ್ಮದು. "ಇಂದಿರಾಪುರಂ ಅನಂತರಾಮ, ಲೀಲಮ್ಮನವರ ಮನೆ" ಎಂದು ತಾನೇ ಕರೆದು ನನ್ನ ಕಡೆ ನೋಡುತ್ತಾಳೆ. ನಾನು "ಇದ್ದೇವೆ" ಎಂದ ಮೇಲೆ ದೀಪ. ಮಕ್ಕಳಿಲ್ಲದ ನಮಗೆ ವರ್ಷದ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲ ಅದೇ ಕಣಯ್ಯಾ.

ಇಷ್ಟುದ್ದ ಬರೆದದ್ದು ಯಾಕೆಂದರೆ ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ. ಲೀಲಾಗೆ ಮರೆವು ಶುರುವಾಗಿದೆ, ಮೂರ್ತಿ. ನಿನ್ನ ನನ್ನ ಹಾಗೆ ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಮರೆವಲ್ಲ. ಆಗಸ್ಟಿನಲ್ಲಿ ಒಂದು ದಿನ ಲಿಫ್ಟಿನಿಂದ ಏಳನೇ ಮಹಡಿಯಲ್ಲಿ ಇಳಿದು, ನಮ್ಮ ಮನೆಯೆಂದು ಅಲ್ಲಿನ ಪಂಜಾಬಿಗಳ ಮನೆಗೆ ಹೊಕ್ಕು, "ನನ್ನ ಅಡುಗೆಮನೆಯನ್ನ ಯಾರು ಹೀಗೆ ಮಾಡಿದ್ದು?" ಎಂದು ಅತ್ತಳಂತೆ. ಪುಣ್ಯಾತ್ಗಿತ್ತಿ ಆ ಹೆಂಗಸು ಟೀ ಕೊಟ್ಟು, ಕೈ ಹಿಡಿದು ಕರೆತಂದು ಬಿಟ್ಟಳು. ಹಿಂದಿಯೂ ಹೊರಟುಹೋಗುತ್ತಿದೆ. ತರಕಾರಿ ಭಯ್ಯಾನ ಹತ್ತಿರ ಈಗ ಕನ್ನಡದಲ್ಲೇ "ಹೀರೇಕಾಯಿ ಎಳಸಾಗಿದೆಯೇನಪ್ಪಾ?" ಎಂದು ಕೇಳುತ್ತಾಳೆ. ಅವನು "ಹಾಂ ಅಮ್ಮಾಜೀ, ಏಕ್‌ದಮ್ ತಾಜಾ" ಎನ್ನುತ್ತಾನೆ. ಇಬ್ಬರಿಗೂ ವ್ಯವಹಾರ ಕುದುರುತ್ತದೆ, ಅದೇ ವಿಚಿತ್ರ. ಡಾಕ್ಟರು ಪರೀಕ್ಷೆ ಎಲ್ಲ ಮಾಡಿಸಿ, "ಬಾಯಿಪಾಠ ಆಗಿರೋದು ಎಲ್ಲದಕ್ಕಿಂತ ಕೊನೆಗೆ ಹೋಗುತ್ತೆ, ಆದ್ರೆ ಹೋಗೋದು ಯಾವಾಗ ಅಂತ ಕೇಳಬೇಡಿ" ಎಂದರು.

ಮನೆಗಳ ಹೆಸರುಗಳು ಇನ್ನೂ ಗಟ್ಟಿಯಾಗಿವೆ. ಬೇಳೆ ಆರಿಸುತ್ತಾ, ಬಟ್ಟೆ ಮಡಿಸುತ್ತಾ ಒಬ್ಬಳೇ ಕರೆದುಕೊಳ್ಳುತ್ತಿರುತ್ತಾಳೆ. ಬರೆದಿಟ್ಟುಕೊಳ್ಳೋಣವೆಂದು ಪೆನ್ನು ತೆಗೆದರೆ, "ಬರೆದಿಟ್ರೆ ನಾನು ಮರೀತೀನಿ ಅಂತ ಒಪ್ಕೊಂಡ ಹಾಗೆ" ಎಂದು ಕೈ ತಳ್ಳಿದಳು. ಯಾರಿಗೂ ಹೇಳಬಾರದೆಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದಾಳೆ. "ಅಯ್ಯೋ ಪಾಪ ಅನ್ನೋ ಮುಖಗಳನ್ನ ನೋಡ್ಕೊಂಡು ಹೆಸರು ಕರೆಯೋಕೆ ನನಗಾಗಲ್ಲ. ಇದೊಂದು ವರ್ಷ ಕರೆದುಬಿಡ್ತೀನಿ, ಆಮೇಲೆ ನಗಾರಿ ಹೊಡೆದು ಹೇಳಿ" ಎಂದಳು. ನಿನಗೆ ಹೇಳಿದರೆ ಹೇಳಿದ ಹಾಗಲ್ಲ, ನಿನಗೆ ಕಿವಿಯೇ ಇಲ್ಲವಲ್ಲ.

ಇಪ್ಪತ್ತನಾಲ್ಕು ಒಂದು ಸುಸೂತ್ರವಾಗಿ ಕಳೆಯಲಿ. ನನ್ನ ಆಸೆ ಅಷ್ಟೇ.

ನಿನ್ನ,
ಅನಂತರಾಮ


ಇಂದಿರಾಪುರಂ
೧೮-೧೧-೨೦೨೪

ಪ್ರಿಯ ಮೂರ್ತಿ,

ನಿನ್ನ ಕಾಗದ ಬಂತು. ಲೀಲಾಳ ವಿಷಯಕ್ಕೆ ನೀನು ಸಮಾಧಾನ ಹೇಳದೆ, "ನನ್ನ ಮನೆಗೆ ಸರಿಯಾಗಿ ಓಗೊಡು, ಮೈಕಿನಲ್ಲಿ ಗೊಣಗಬೇಡ" ಎಂದು ಬರೆದೆಯಲ್ಲ, ಅದು ನನಗೆ ಹಿತವಾಯಿತು. ಆದರೆ ಮೈಕೂ ಇಲ್ಲ, ಓಗೊಡುವುದೂ ಇಲ್ಲ ಈಗ. ನಿನ್ನೆ ತೀರ್ಮಾನವಾಯಿತು. ಕೋಪದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ವಕ್ರವಾಗಿದ್ದರೆ ಸಹಿಸಿಕೋ. ಕೋಪ ಯಾರ ಮೇಲೆ ಎಂದು ಕೇಳಬೇಡ, ಗಾಳಿಯ ಮೇಲೆ ಎಂದುಕೋ.

ವಾರದಿಂದ ಇಲ್ಲಿ ಸೂರ್ಯ ಕಂಡಿಲ್ಲ. ಶಾಲೆಗಳನ್ನು ಮುಚ್ಚಿ ಮಕ್ಕಳಿಗೆ ಮೊಬೈಲಿನಲ್ಲಿ ಪಾಠ ನಡೆಯುತ್ತಿದೆ. ನಿನ್ನೆ ಮಧ್ಯಾಹ್ನ ಸಮಿತಿಯ ಸಭೆ ನಮ್ಮ ಮನೆಯಲ್ಲೇ ಸೇರಿತು. ಕಿಟಕಿ ಬಾಗಿಲು ಭದ್ರ ಮುಚ್ಚಿದ್ದರೂ ಒಳಗೆ ಸುಟ್ಟ ವಾಸನೆ. ಲೀಲಾ ಎಲ್ಲರಿಗೂ ಕಾಫಿ ಕೊಟ್ಟಳು.

ದೇವೇಂದ್ರಪ್ಪನವರದು ಒಂದೇ ಪಟ್ಟು. "ಮುಖ್ಯ ಅತಿಥಿಗಳು ಒಪ್ಪಿದ್ದಾರೆ, ಆಹ್ವಾನ ಹೋಗಿದೆ. ಭವನದ ಒಳಗೆ ತಾನೇ ಕಾರ್ಯಕ್ರಮ? ಈ ಊರಲ್ಲಿ ಗಾಳಿ ಯಾವಾಗ ಚೆನ್ನಾಗಿತ್ತು ಹೇಳಿ?" ಎಂದರು. ನಾನು ಜನ್ಮದಲ್ಲಿ ಮೊದಲ ಸಲ ಅವರ ಮಾತಿಗೆ ತಲೆಯಾಡಿಸಿದೆ. ನನ್ನ ಕಾರಣ ನಿನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅವರಂತೂ ಖುಷಿಯಾಗಿ ಟೈ ಸರಿಮಾಡಿಕೊಂಡರು.

ಚಂದನ್ ಬೇಡವೆಂದ. "ಅಂಕಲ್, ಊಟ ಶಾಮಿಯಾನದಲ್ಲಿ, ಹೊರಗೆ. ಮಕ್ಕಳು ಓಡಾಡದೆ ಇರ್ತಾವಾ? ಗುರುಗ್ರಾಮ, ಫರೀದಾಬಾದಿಂದ ಬರೋರು ಎರಡು ಗಂಟೆ ಈ ಹೊಗೆಯಲ್ಲಿ ಬರಬೇಕು. ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ ನಾವು ಏನು ಮಾಡ್ತೀವಿ? ನಾವೇನು ಡಾಕ್ಟರಾ, ಸರ್ಕಾರನಾ? ನಾವು ವಾಲಂಟಿಯರ್ಸ್ ಅಷ್ಟೇ."

"ಹಾಗಾದ್ರೆ ಮುಂದಕ್ಕೆ ಹಾಕೋಣ" ಎಂದರು ಯಾರೋ. ಯಾವಾಗ? ಜನವರಿವರೆಗೆ ಈ ಹೊಗೆ ಬಿಡುವುದಿಲ್ಲ. ಫೆಬ್ರವರಿಗೆ ಭವನವೆಲ್ಲ ಮದುವೆಯವರ ಪಾಲು. ಆಮೇಲೆ ಮಕ್ಕಳ ಪರೀಕ್ಷೆ. ಅದು ಮುಗಿಯುವಷ್ಟರಲ್ಲಿ ಬಿಸಿಲು. ಚಂದನ್ ಬೆರಳು ಮಡಿಸಿ ಹೇಳುತ್ತ ಹೋದ, ನಾನೂ ಒಂದೊಂದು ತಿಂಗಳನ್ನೂ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಇವರಿಗೆ ಅದು ಭವನದ ಪ್ರಶ್ನೆ. ನನಗೆ, ಆ ತಿಂಗಳಲ್ಲಿ ಲೀಲಾಳ ತಲೆಯೊಳಗೆ ಎಷ್ಟು ಮನೆ ಉಳಿದಿರುತ್ತವೆ ಎನ್ನುವ ಪ್ರಶ್ನೆ.

"ಝೂಮ್‌ನಲ್ಲಿ ಮಾಡಿದ್ರೆ?" ಎಂದ ಇನ್ನೊಬ್ಬ. ಕೊರೋನಾ ವರ್ಷದಲ್ಲಿ ಅದನ್ನೂ ನೋಡಿದ್ದೇವಲ್ಲ. ಲೀಲಾ ಮೊಬೈಲಿನ ಮುಂದೆ ಕುಳಿತು ಒಂದೊಂದೇ ಮನೆ ಕರೆದರೆ, ಎಲ್ಲರೂ ಮೈಕು ಮುಚ್ಚಿಕೊಂಡು ಬಾಯಿ ಆಡಿಸುತ್ತಿದ್ದರು. ಯಾರು ಇದ್ದಾರೆ, ಯಾರು ಇಲ್ಲ, ಒಂದೂ ತಿಳಿಯದು. ಅವಳು ಅವತ್ತು ಊಟ ಮಾಡಲಿಲ್ಲ. ಆ ಮಾತು ಅಲ್ಲಿಗೇ ಬಿತ್ತು.

ಅಷ್ಟರಲ್ಲಿ ಲೀಲಾ ಮತ್ತೆ ಟ್ರೇ ತುಂಬ ಕಾಫಿ ತಂದಳು. ಮೊದಲಿನ ಲೋಟಗಳು ಇನ್ನೂ ಅರ್ಧ ಅರ್ಧ ಹಾಗೇ ಇದ್ದವು. ಎಲ್ಲರೂ "ಅಯ್ಯೋ, ಏನು ಉಪಚಾರ ಆಂಟಿ!" ಎಂದು ನಕ್ಕು ತೆಗೆದುಕೊಂಡರು. ಧಾರಿಣಿ ಮಾತ್ರ ನಗಲಿಲ್ಲ. ನಮ್ಮ ಟವರಿನ ಕೆಳಮಹಡಿಯವಳು, ಹಾಸನದ ಕಡೆಯ ಹುಡುಗಿ, ಅವಳ ಮಗಳು ಧನ್ಯಾಗೆ ಉಬ್ಬಸ. ಅವಳು ಲೀಲಾಳ ಮುಖ ನೋಡಿದಳು, ನನ್ನ ಮುಖ ನೋಡಿದಳು, ಸುಮ್ಮನೆ ಎರಡನೇ ಲೋಟವನ್ನೂ ಕುಡಿದಳು.

ನಾನು ಅವಳನ್ನೇ ಕೇಳಿದೆ, "ನೀನೇನಮ್ಮಾ ಹೇಳ್ತೀಯ? ಮಗು ಹೇಗಿದೆ?"

"ದಿನಕ್ಕೆ ಮೂರು ಸಲ ನೆಬುಲೈಸರ್ ಹಾಕ್ತಿದೀನಿ ಅಂಕಲ್. ಆದ್ರೆ ನೀವು ಮಾಡೋಣ ಅಂದ್ರೆ ಬರ್ತೀವಿ. ಆಂಟಿ ನಮ್ಮ ಮನೆ ಹೆಸರು ಕರೆದಾಗ ನಾವಿಲ್ಲ ಅಂದ್ರೆ ಹೇಗೆ? ಧನ್ಯಾ 'ಇದ್ದೇವೆ' ಅನ್ನೋದನ್ನ ಪ್ರಾಕ್ಟೀಸ್ ಮಾಡ್ತಿದಾಳೆ."

ನನಗೆ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ, ನೋಡು. ಬರಲಾಗದವರು ಬರುವುದಿಲ್ಲ, ಬಂದವರಿಗೆ ನಡೆಸೋಣ ಎಂದುಕೊಂಡಿದ್ದೆ. ಆದರೆ ನಮ್ಮಲ್ಲಿ ಬರಲಾಗದವರು ಎಂಬವರೇ ಇಲ್ಲ. ಹೆಸರು ಕರೆಯುತ್ತಾರೆ ಎಂದ ಮೇಲೆ ಯಾರು ಮನೆಯಲ್ಲಿ ಕೂರುತ್ತಾರೆ? ಇದೇ ಯೋಚನೆಯಲ್ಲಿದ್ದಾಗ ಫರೀದಾಬಾದಿನ ಮರಿಯಪ್ಪನವರ ಫೋನು. ನೆನಪಿದೆ ತಾನೇ, ರೈಲ್ವೆಯಲ್ಲಿದ್ದವರು, ನಿನ್ನ ಸಾಮಾನನ್ನೆಲ್ಲ ತಿಪಟೂರಿಗೆ ಬುಕ್ ಮಾಡಿಸಿಕೊಟ್ಟವರು? ಈಗ ಎದ್ದರೂ ಕುಳಿತರೂ ಆಮ್ಲಜನಕದ ನಳಿಗೆ ಮೂಗಿನಲ್ಲಿ. ಚಂದನ್ ಸ್ಪೀಕರಿಗೆ ಹಾಕಿದ. ಉಸಿರು ಎಳೆದೆಳೆದು ಮಾತಾಡಿದರು.

"ಏನೋ ನಿಲ್ಲಿಸ್ತೀರಂತೆ? ನಾನು ಗಾಡಿಗೆ ಹೇಳಿದೀನಿ. ಸಿಲಿಂಡರ್ ಇಟ್ಕೊಂಡೇ ಬರ್ತೀನಿ. ಲೀಲಮ್ಮ ನನ್ನ ಹೆಸರು ಕರೆದಾಗ ನಾನೇ ಎದ್ದು ನಿಲ್ಲಬೇಕು. ಪಕ್ಕದ ಮನೆಯೋರು ಓಗೊಡೋದೆಲ್ಲ ನಾನು ಹೋದ ಮೇಲೆ."

ಫೋನು ಇಟ್ಟ ಮೇಲೆ ದೇವೇಂದ್ರಪ್ಪನವರು ಕೈ ಎತ್ತಿಸಿದರು. ಆ ಕಡೆ ಈ ಕಡೆ ಸಮಸಮ ಬಂತು, ನನ್ನದೊಂದು ಬಾಕಿ. ಅಡುಗೆಮನೆಯಲ್ಲಿ ಲೀಲಾ ಮೂರನೇ ಸಲ ಹಾಲು ಕಾಯಿಸಲು ಇಟ್ಟ ಸದ್ದು ಕೇಳುತ್ತಿತ್ತು. ಅವಳಿಗೋಸ್ಕರ ಒಂದು ಮಾತು ಆಡಿದ್ದರೆ, "ನನ್ನ ಹೆಂಡತಿಗೆ ಹೀಗಾಗಿದೆ, ಇದು ಅವಳ ಕೊನೆಯ ಸಲ" ಎಂದಿದ್ದರೆ, ಚಂದನ್ ಸಹಿತ ಎಲ್ಲರೂ ಒಪ್ಪುತ್ತಿದ್ದರು ಕಣಯ್ಯಾ. ಒಪ್ಪಿ ಆ ಮಗುವನ್ನೂ ಮರಿಯಪ್ಪನವರನ್ನೂ ಕರೆದುಕೊಂಡು ಬರುತ್ತಿದ್ದರು. ಅದೇ ನನಗೆ ಭಯವಾಯಿತು. ನಾನು "ಬೇಡ, ಈ ಸಲ ಬೇಡ" ಎಂದೆ. ದೇವೇಂದ್ರಪ್ಪನವರು ನನ್ನನ್ನು ಗೋಸುಂಬೆಯನ್ನು ನೋಡಿದ ಹಾಗೆ ನೋಡಿದರು.

ಆಮೇಲೆ ಶುರುವಾಯಿತು ಇನ್ನೊಂದು ರಾಮಾಯಣ. ಚಂದನ್ ಗುಂಪಿಗೆ ಸಂದೇಶ ಬರೆಯುತ್ತಾ, "ಸಮಾವೇಶ ರದ್ದಾಗಿದೆ ಅಂತ ಹಾಕ್ಲಾ?" ಎಂದ.

"ರದ್ದು ಅನ್ನಬೇಡ. ಮುಂದೂಡಲಾಗಿದೆ ಅನ್ನು" ಎಂದೆ.

"ಯಾವ ಡೇಟಿಗೆ ಅಂಕಲ್?"

"ಡೇಟು ಹಾಕಬೇಡ."

"ಡೇಟ್ ಇಲ್ದೆ ಮುಂದೂಡೋದು ಅಂದ್ರೆ ರದ್ದು ಅಂತಾನೇ ಅಲ್ವಾ?"

"ಚಂದನ್, ನಾನು ಹೇಳಿದ ಹಾಗೆ ಬರಿ" ಎಂದು ರೇಗಿಬಿಟ್ಟೆ. ಹುಡುಗ ಬೆಚ್ಚಿ ಹಾಗೇ ಬರೆದ. ಹೋಗುವಾಗ ಬಾಗಿಲಲ್ಲಿ ನನ್ನ ಕೈ ಹಿಡಿದು, "ನೀವು ಪ್ರಾಕ್ಟಿಕಲ್ ಆಗಿ ಯೋಚನೆ ಮಾಡಿದ್ರಿ ಅಂಕಲ್, ಥ್ಯಾಂಕ್ಸ್" ಎಂದ. ಪ್ರಾಕ್ಟಿಕಲ್ ಅಂತೆ! ನಗಬೇಕೋ ಅಳಬೇಕೋ ನೀನೇ ಹೇಳು.

ಎಲ್ಲರೂ ಹೋದ ಮೇಲೆ ಲೀಲಾಗೆ ಹೇಳಬೇಕಲ್ಲ. ಹೆದರಿಕೊಂಡೇ ಹೇಳಿದೆ. ಅವಳು ಲೋಟ ತೊಳೆಯುವುದನ್ನು ನಿಲ್ಲಿಸಿ ಕೇಳಿದಳು, ತಿಳಿಯಾಗಿ, ಹಳೆಯ ಲೀಲಾಳಂತೆ. "ಮರಿಯಪ್ಪನವರು ಉಸಿರು ಕಟ್ಟಿಕೊಂಡು ಬರೋದು ಬೇಡ. ಆ ಮಗೂನೂ ಬೇಡ. ನೀವು ಸರಿಯಾಗೇ ಮಾಡಿದ್ರಿ. ಮುಂದಿನ ಸಲ ಒಬ್ಬೊಬ್ಬರನ್ನೂ ಎರಡೆರಡು ಸಲ ಕರೀತೀನಿ" ಎಂದಳು. ನನಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಸಂಜೆ ದೇವರಿಗೆ ದೀಪ ಹಚ್ಚಿ ಬಂದವಳು, "ಭಾನುವಾರಕ್ಕೆ ನನ್ನ ಹಸಿರು ರೇಷ್ಮೆ ಸೀರೆ ಇಸ್ತ್ರಿಗೆ ಕೊಟ್ರಾ?" ಎಂದಳು. ಮತ್ತೆ ಹೇಳಿದೆ. ಈ ಸಲ ಅತ್ತಳು. ಇವತ್ತು ಬೆಳಿಗ್ಗೆ ಮತ್ತೆ ಕೇಳಿದಳು, ಮತ್ತೆ ಹೇಳಿದೆ, ಮತ್ತೆ ಅತ್ತಳು. ಒಂದೇ ಸುದ್ದಿ, ಪ್ರತಿ ಸಲವೂ ಅವಳಿಗೆ ಹೊಸದು. ನನ್ನಿಂದಾಗುವುದಿಲ್ಲ ಮೂರ್ತಿ. ಸೀರೆಯನ್ನು ಇಸ್ತ್ರಿಗೆ ಕೊಟ್ಟು ಬಂದಿದ್ದೇನೆ.

ನಿನ್ನ,
ಅನಂತರಾಮ


ಇಂದಿರಾಪುರಂ
೨೬-೧೧-೨೦೨೪

ಪ್ರಿಯ ಮೂರ್ತಿ,

ನಿನ್ನ ಉತ್ತರ ಬರುವ ಮೊದಲೇ ಇನ್ನೊಂದು ಬರೆಯುತ್ತಿದ್ದೇನೆ. ತಡವಾಯಿತೆಂದು ಕ್ಷಮೆ ಕೇಳಿ ಕೇಳಿ ಅಭ್ಯಾಸವಾದವನಿಗೆ ಈಗ ಅವಸರಕ್ಕೂ ನಿನ್ನ ಕ್ಷಮೆ ಬೇಕು. ಭಾನುವಾರದ ಸುದ್ದಿಯನ್ನು ಯಾರಿಗಾದರೂ ಹೇಳಬೇಕು, ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ?

ಅವತ್ತು ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಲೀಲಾ ಸ್ನಾನ ಮಾಡಿ ಹಸಿರು ಸೀರೆ ಉಟ್ಟು ಸಿದ್ಧವಾಗಿದ್ದಳು. ತಲೆಗೆ ಹೂ ಇಲ್ಲವೆಂದು ಬೇಜಾರು. "ಕ್ಯಾಬ್ ಹೇಳಿದ್ರಾ? ನಾವೇ ಮೊದಲು ಹೋಗಿ ಕುರ್ಚಿ ಹಾಕಿಸಬೇಕು" ಎಂದಳು. ಇನ್ನೊಮ್ಮೆ 'ಇಲ್ಲ' ಎನ್ನಲು ನನ್ನ ನಾಲಿಗೆ ಏಳಲಿಲ್ಲ. "ಈ ಸಲ ನಮ್ಮ ಮನೆಯಲ್ಲೇ ಲೀಲಾ, ಲೋಧಿ ಕಾಲೋನಿಯಲ್ಲಿ ಶುರುಮಾಡಿದ ಹಾಗೆ" ಎಂದುಬಿಟ್ಟೆ. ಅವಳ ಮುಖ ಅರಳಿತು. "ಹಾಗಾದ್ರೆ ಜಮಖಾನ ಹಾಸಿ" ಎಂದಳು. ಹಾಸಿದೆ. ಸೊಂಟ ಹಿಡಿದುಕೊಂಡಿತು, ಅದು ಬೇರೆ ಮಾತು.

ಧಾರಿಣಿಗೆ ಫೋನ್ ಮಾಡಿ, "ಐದು ನಿಮಿಷ ಬಂದು ಹೋಗಮ್ಮಾ, ಮಗೂನೂ ಕರ್ಕೊಂಡು ಬಾ, ಮೆಟ್ಟಿಲು ಬೇಡ, ಲಿಫ್ಟಿನಲ್ಲಿ ಬಾ" ಎಂದೆ. ಯಾಕೆ, ಏನು ಎಂದು ಒಂದು ಪ್ರಶ್ನೆ ಕೇಳಲಿಲ್ಲ ಆ ಹುಡುಗಿ. ಎರಡು ಲೋಟ ಕಾಫಿ ಕುಡಿದ ದಿನವೇ ಅವಳಿಗೆ ಎಲ್ಲ ಅರ್ಥವಾಗಿತ್ತು. ಸೀರೆ ಉಟ್ಟು, ಮಗಳಿಗೆ ಲಂಗ ತೊಡಿಸಿ, ಒಂದು ಡಬ್ಬಿಯಲ್ಲಿ ಕೇಸರಿಬಾತು ಹಿಡಿದು ಬಂದಳು. ತನ್ನ ಮುಡಿಯಲ್ಲಿದ್ದ ಹೂವನ್ನು ತೆಗೆದು ಲೀಲಾಗೆ ಮುಡಿಸಿದಳು.

ಟಿವಿಯ ಮುಂದೆ ಲೀಲಾ ನಿಂತಳು. ಜಮಖಾನದ ಮೇಲೆ ನಾವು ಮೂವರು ಕುಳಿತೆವು. ಕಿಟಕಿಯ ಆಚೆ ಹೊಗೆಯಲ್ಲಿ ಊರೇ ಕಾಣುತ್ತಿರಲಿಲ್ಲ. ಅವಳು ಕಣ್ಣು ಮುಚ್ಚಿ ಒಂದು ಸಲ ಉಸಿರು ತೆಗೆದುಕೊಂಡು ಶುರುಮಾಡಿದಳು. "ಲೋಧಿ ಕಾಲೋನಿ, ದಕ್ಷಿಣಾಮೂರ್ತಿಗಳ ಮನೆ." ನಾನು ಎದ್ದು ನಿಂತು, ನೀನು ಹೇಳಿದ ಹಾಗೆ ಗೊಣಗದೆ, "ಇದ್ದೇವೆ" ಎಂದೆ. "ಲೋಧಿ ಕಾಲೋನಿ, ಚಂದ್ರಶೇಖರಯ್ಯನವರ ಮನೆ." ಅವರು ಹೋಗಿ ಎಷ್ಟು ವರ್ಷವಾಯಿತು! "ಇದ್ದೇವೆ" ಎಂದೆ. ಸರೋಜಿನಿ ನಗರದ ರಾಘವನ ಮನೆ, ಕರೋಲ್ ಬಾಗಿನ ಅಕ್ಕತಂಗಿಯರ ಮನೆ, ಒಂದಾದ ಮೇಲೊಂದು ಬರುತ್ತಲೇ ಹೋದವು. ಯಮುನೆ ದಾಟುವಾಗ ಅವಳ ದನಿ ಏರಿತು. ಪ್ರತಿಯೊಂದಕ್ಕೂ ನಾನು ಎದ್ದೆ, ಕುಳಿತೆ. ಕೊನೆಕೊನೆಗೆ ಮಂಡಿ ಮಾತು ಕೇಳದೆ ನಿಂತೇಬಿಟ್ಟೆ.

ಧಾರಿಣಿಯ ಮನೆ ಬಂದಾಗ ಧನ್ಯಾ ಚಿಮ್ಮಿ ಎದ್ದು, ಕೆಮ್ಮಿನ ನಡುವೆಯೇ "ಇದ್ದೇವೆ!" ಎಂದು ಕೂಗಿತು. ಆಮೇಲೆ ಅಮ್ಮನ ಕಿವಿಯಲ್ಲಿ, ನಮಗೆಲ್ಲ ಕೇಳುವ ಹಾಗೆ, "ಮಮ್ಮಾ, ಬಾಕಿ ಲೋಗ್ ಕಹಾಂ ಹೈ?" ಎಂದಿತು. ಧಾರಿಣಿ "ಶ್, ಎಲ್ರೂ ಇದಾರೆ ಪುಟ್ಟಾ, ಕೇಳಿಸ್ಕೋ" ಎಂದು ತಲೆ ತಗ್ಗಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಅವಳ ಕಡೆ ನೋಡಲಿಲ್ಲ, ನೋಡಿದ್ದರೆ ನನ್ನ ದನಿ ಉಳಿಯುತ್ತಿರಲಿಲ್ಲ.

ಫರೀದಾಬಾದಿನವರೆಗೂ ಕರೆದಳು. ಮರಿಯಪ್ಪನವರ ಹೆಸರಿಗೆ ಸ್ವಲ್ಪ ಹೊತ್ತು ನಿಂತು, "ಅವರಿಗೆ ಉಬ್ಬಸ, ನಿಧಾನಕ್ಕೆ ಏಳಲಿ" ಎಂದಳು. ನಾನೂ ನಿಧಾನವಾಗಿಯೇ "ಇದ್ದೇವೆ" ಎಂದೆ. ಆಮೇಲೆ ದೀಪ. ಧನ್ಯಾಳ ಕೈಯಲ್ಲಿ ಹಚ್ಚಿಸಿದೆವು. ಕೇಸರಿಬಾತು ತಿಂದೆವು. ಬಾಗಿಲಲ್ಲಿ ಧಾರಿಣಿ, "ಅಂಕಲ್, ಆಂಟಿ ಎಲ್ಲಾ ಹೆಸರೂ ಕರೆದ್ರಾ? ಒಂದೂ ಬಿಡಲಿಲ್ವಾ?" ಎಂದು ಮೆಲ್ಲಗೆ ಕೇಳಿದಳು. "ಒಂದೂ ಬಿಡಲಿಲ್ಲ ಕಣಮ್ಮಾ" ಎಂದೆ.

ಸಮಾವೇಶ ಮುಂದೂಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಮರಿಯಪ್ಪನವರು ನಿನ್ನೆ ಫೋನ್ ಮಾಡಿ ನನ್ನನ್ನು ಚೆನ್ನಾಗಿ ಬೈದರು. ಬೈಯುವಷ್ಟು ಉಸಿರು ಉಳಿದಿದೆಯಲ್ಲ, ಬೈಯಲಿ. ಮುಂದಿನ ಸಭೆಯಲ್ಲಿ ಲೀಲಾಳ ವಿಷಯ ಎಲ್ಲರಿಗೂ ಹೇಳುತ್ತೇನೆ. ಕರೆಯುವ ತನಕ ತಾನೇ ಭಾಷೆ? ಕರೆದಾಯಿತು.

ನಿನ್ನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಓದಿನಲ್ಲಿ ತಾತನ ಹಾಗಾಗದೆ ಬುದ್ಧಿ ಬೆಳೆಸಿಕೊಂಡು ಚೆನ್ನಾಗಿ ಬಾಳಲಿ. ನಿನ್ನಾಕೆಗೆ ನಮಸ್ಕಾರ ಹೇಳು. ಅವಳ ಮಂಡಿ ಗುಣವಾಗಲಿ, ನಿನ್ನ ಕಿವಿಗೆ ದೇವರು ಸ್ವಲ್ಪ ದಯೆ ತೋರಲಿ. ಆ ಊರಿನ ಗಾಳಿಯನ್ನು ನನ್ನ ಪರವಾಗಿ ಒಂದು ಸಲ ಎದೆ ತುಂಬ ಎಳೆದುಕೋ.

ನಿನ್ನ,
ಅನಂತರಾಮ

ತಾ.ಕ.: ಧಾರಿಣಿಗೆ ನಾನು ಹೇಳಿದ್ದು ಸುಳ್ಳು. ಒಂದು ಮನೆ ಬಿಟ್ಟುಹೋಯಿತು. ಮರಿಯಪ್ಪನವರದಾದ ಮೇಲೆ ಇನ್ನುಳಿದದ್ದು ನಮ್ಮದು ತಾನೇ? ನಾನು ನಿಂತೇ ಇದ್ದೆ. ಲೀಲಾ ನನ್ನನ್ನು ನೋಡಿ ನಕ್ಕಳು, ಎಲ್ಲರಿಗೂ ಕೈಮುಗಿದಳು, ಕುಳಿತುಬಿಟ್ಟಳು. ಮಗು ದೀಪ ಹಚ್ಚಿತು. ಧಾರಿಣಿ ಹೋದ ಮೇಲೆ ಲೀಲಾ ನನ್ನ ಹತ್ತಿರ ಬಂದು, ಸಮಾವೇಶಕ್ಕೆ ಹೊಸದಾಗಿ ಬಂದವರನ್ನು ಮಾತಾಡಿಸುತ್ತಿದ್ದಳಲ್ಲ, ಅದೇ ಮರ್ಯಾದೆಯಲ್ಲಿ, "ಪಾಪ, ಎಲ್ಲಾರ ಮನೆಗೂ ನೀವೇ ಓಗೊಟ್ರಿ. ನಿಮ್ದು ಯಾವ ಮನೆ? ಹೇಳಿ, ಮುಂದಿನ ವರ್ಷದಿಂದ ಸೇರಿಸ್ಕೋತೀನಿ" ಎಂದಳು. "ಇಂದಿರಾಪುರಂ ಅನಂತರಾಮ, ಲೀಲಮ್ಮನವರ ಮನೆ" ಎಂದೆ. "ಹೌದಾ? ಲೀಲಮ್ಮನವರು ಬರಲಿಲ್ವಾ?" ಎಂದು ನನ್ನ ಹಿಂದೆ ಬಾಗಿಲ ಕಡೆ ನೋಡಿದಳು.

ಮೂರ್ತಿ, ಒಂದು ಸಲ ಕರೆದ ಹೆಸರು ಬಿಡುವ ಹಾಗಿಲ್ಲ. ಇಷ್ಟು ವರ್ಷ ನಿನ್ನ ಮನೆಗೆ ನಾನು ಓಗೊಟ್ಟಿದ್ದೇನೆ. ನೀನು ಉತ್ತರ ಬರೆಯುವಾಗ ಕ್ಷೇಮ ಸಮಾಚಾರಕ್ಕಿಂತ ಮೊದಲು, ಮೇಲೆ ಒಂದೇ ಒಂದು ಸಾಲು, ಅವಳು ಕರೆಯುತ್ತಿದ್ದ ಹಾಗೆಯೇ, ನಮ್ಮ ಮನೆಯ ಹೆಸರು ಬರೆ. ನಾನು ಇಲ್ಲಿ ಎದ್ದು ನಿಂತು ಓದಿಕೊಳ್ಳುತ್ತೇನೆ.